ಜಾನ್ಸನ್‌ಗೆ ಏನು ಬೇಕು?

ಸಿದ್ಧ ಸಾಹಸದ ಪುಸ್ತಕವೊಂದು ಕೈಯಲ್ಲಿದ್ದರೆ ಸಾಕು, ಬರೆದದ್ದನ್ನು ಬರೆದ ಹಾಗೇ ಆಡಿಸಿಕೊಂಡು ಹೋದರಾಯಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಮ್ಮ ಭಾವ ಇವತ್ತಿಗೂ ಹಾಗೇ ಹೇಳುತ್ತಾರೆ. ಅವತ್ತು ನಾನು ಪುಸ್ತಕ ಮುಚ್ಚಿಟ್ಟಿದ್ದಕ್ಕೆ ಆಟವೇ ಕೆಟ್ಟುಹೋಯಿತು ಎಂದು ನೆಂಟರಿಷ್ಟರ ಮುಂದೆಲ್ಲ ಆಡಿಕೊಂಡಿದ್ದಾರೆ. ಆಟ ಉಳಿದಿದ್ದೇ ನಾನು ಪುಸ್ತಕ ಮುಚ್ಚಿದ್ದರಿಂದ. ಹೊಸದಾಗಿ ಆಟ ನಡೆಸಲು ಕೂರುವವರಿಗೆ ನನ್ನ ಪಾಡು ಬರದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಾವು ಆಡುವುದು ಶ್ಯಾಡೋರನ್ ಎಂಬ, ಮೇಜಿನ ಸುತ್ತ ಕೂತು ಪಾತ್ರ ವಹಿಸಿ ಆಡುವ ಆಟ, 1989ರಲ್ಲಿ ಫಾಸಾ ಕಂಪನಿ ಹೊರತಂದದ್ದು. ಕಾಲ 2050, ಊರು ಸಿಯಾಟಲ್. ಸರ್ಕಾರಗಳನ್ನೇ ಮೀರಿ ಬೆಳೆದ ಕಂಪನಿಗಳು, ಮೈಯೊಳಗೆ ಯಂತ್ರ ಕೂರಿಸಿಕೊಂಡ ಬಾಡಿಗೆ ಬಂಟರು, ಜೊತೆಗೆ ಲೋಕಕ್ಕೆ ಮರಳಿದ ಮಾಟಮಂತ್ರ. ನಮ್ಮ ಗುಂಪಿನವರೆಲ್ಲ ಸಿಯಾಟಲ್ ಪಕ್ಕದ ರೆಡ್ಮಂಡ್, ಬೆಲ್‌ವ್ಯೂಗಳಿಗೆ ಸಾಫ್ಟ್‌ವೇರ್ ಕೆಲಸಕ್ಕೆಂದು ಬಂದ ಕನ್ನಡದವರು. ಮೈಕ್ರೋಸಾಫ್ಟ್ ಇರುವ ಇದೇ ರೆಡ್ಮಂಡ್ ಆಟದಲ್ಲಿ 'ರೆಡ್ಮಂಡ್ ಬ್ಯಾರೆನ್ಸ್' ಎಂಬ ಹಾಳುಬಿದ್ದ ಕೊಳೆಗೇರಿ. ದಿನಾ ಬಸ್ಸಿಳಿಯುವ ಜಾಗದಲ್ಲಿ ಗ್ಯಾಂಗುಗಳು ಗುಂಡು ಹಾರಿಸುವುದನ್ನು ಕಲ್ಪಿಸಿಕೊಳ್ಳುವ ರುಚಿಗೇ ಎಲ್ಲರೂ ಆಟಕ್ಕೆ ಅಂಟಿಕೊಂಡರು.

ಮೊದಲು ಮೂಲ ಪುಸ್ತಕದಲ್ಲೇ ಇರುವ 'ಫುಡ್ ಫೈಟ್' ಆಡಿಸಿದೆ. ನಡುರಾತ್ರಿ ತಿಂಡಿ ಕೊಳ್ಳಲು ಅಂಗಡಿಗೆ ಹೋದರೆ ಅಲ್ಲಿಗೆ ಪುಂಡರ ಗುಂಪು ನುಗ್ಗುತ್ತದೆ, ಅಷ್ಟೇ ಕಥೆ. ಹಿಡಿಗಟ್ಟಲೆ ದಾಳ ಉರುಳಿಸುವುದು, ಆರು ಬಿದ್ದ ದಾಳವನ್ನು ಮತ್ತೆ ಉರುಳಿಸಿ ಕೂಡಿಸುವುದು ಎಲ್ಲವೂ ಅದರಲ್ಲೇ ಕೈಗೆ ಹತ್ತಿತು. ಆಮೇಲೆ ಭಾವ ಹಳೇ ಪುಸ್ತಕದಂಗಡಿಯಿಂದ ಒಂದು ದೊಡ್ಡ ಸಾಹಸ ತಂದುಕೊಟ್ಟರು. ಪೂರ್ತಿ ಓದಿ ಮುಗಿಸಿ, ತಾವೂ ಆಟಗಾರರಾಗಿ ಕೂತರು.

ಫಾಸಾದ ಆ ಕಾಲದ ಸಾಹಸಗಳಲ್ಲಿ ದೃಶ್ಯಗಳನ್ನು ಜೋಡಿಸುವ ಕ್ರಮ ಒಂದೇ. ಆಟಗಾರರಿಗೆ ಓದಿ ಹೇಳುವ ಭಾಗ, ತೆರೆಮರೆಯ ಸಂಗತಿ, ಆಟ ಹಳಿ ತಪ್ಪಿದರೆ ಸರಿಮಾಡುವ 'ಡೀಬಗ್ಗಿಂಗ್'. ಕೆಲಸ ಕೊಡುವವನು ತನ್ನ ನಿಜ ಹೆಸರು ಹೇಳುವುದಿಲ್ಲ, ಮಿಸ್ಟರ್ ಜಾನ್ಸನ್ ಅಷ್ಟೇ. ಇಲ್ಲೂ ಒಬ್ಬ ಜಾನ್ಸನ್ ಬಂದ. ಒಂದು ಲ್ಯಾಬಿಗೆ ನುಗ್ಗಿ ಕಡತ ಕದ್ದು ತನ್ನಿ ಎಂದು ಮುಂಗಡ ಎಣಿಸಿ ಕೊಟ್ಟ.

ಅಲ್ಲಿಂದ ಶುರುವಾಯಿತು. ಡೆಕರ್ ಪಾತ್ರ, ಅಂದರೆ ಕಂಪ್ಯೂಟರ್ ಜಾಲಕ್ಕೆ ನುಗ್ಗುವವಳ ಪಾತ್ರ, ಹಿಡಿದಿದ್ದ ಹುಡುಗಿ ಲೆಕ್ಕ ಹಾಕಿದಳು. "ಇವನೇ ಇಷ್ಟು ಕೊಡ್ತಾನೆ ಅಂದ್ರೆ ಲ್ಯಾಬಿನವರು ಇನ್ನೆಷ್ಟು ಕೊಟ್ಟಾರು?" ಎಂದವಳೇ ಲ್ಯಾಬಿನ ಭದ್ರತಾ ಮುಖ್ಯಸ್ಥನಿಗೆ ಫೋನ್ ಮಾಡ್ತೀನಿ ಅಂದಳು. "ನಿಮ್ಮಲ್ಲಿಗೆ ಕಳ್ಳರು ಬರ್ತಿದಾರೆ. ಕಳಿಸಿದ್ದು ಯಾರು ಅಂತ ತಿಳ್ಕೋಬೇಕಾ?" ಎಲ್ಲರೂ ಕುರ್ಚಿಯ ತುದಿಗೆ ಬಂದರು. ನಾನು ಪುಟ ತಿರುಗಿಸಿದೆ. ಕೆಲಸ ಬೇಡವೆಂದರೆ ಏನು ಮಾಡಬೇಕು ಎಂದಿತ್ತು. ಜಾನ್ಸನ್ನನ್ನೇ ಮಾರಿಬಿಟ್ಟರೆ? ಅದಕ್ಕೆ ಒಂದು ಸಾಲೂ ಇರಲಿಲ್ಲ.

ಭಾವ ತಡೆಯಲಾರದೆ ಬಾಯಿ ಹಾಕಿದರು: "ಹಾಗೆಲ್ಲ ಮಾಡೋಕೆ ಬರಲ್ಲ. ಮುಂದಿನ ಸೀನು ಲ್ಯಾಬಿನ ಹಿಂದಿನ ಗೋಡೆ." ಹುಡುಗಿ ದಾಳಗಳನ್ನು ಮೇಜಿನ ಮೇಲಿಟ್ಟು ಕೈಕಟ್ಟಿ ಕೂತಳು. "ಹಾಗಾದ್ರೆ ನಾವು ಯಾಕೆ ಬಂದಿದೀವಿ?" ಒಬ್ಬ ಚಿತ್ರಾನ್ನ ಬಿಸಿ ಮಾಡ್ತೀನಿ ಎಂದು ಎದ್ದು ಹೋದ. ಇನ್ನೊಬ್ಬ ಮೊಬೈಲ್ ತೆಗೆದ. ಭಾವ ಅಷ್ಟಕ್ಕೇ ಬಿಡಲಿಲ್ಲ. ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು ಮುಂದಿನ ದೃಶ್ಯವನ್ನು ತಾವೇ ಗಟ್ಟಿಯಾಗಿ ಓದಿದರು. ಓದುವ ಭರದಲ್ಲಿ ತೆರೆಮರೆಯ ಭಾಗಕ್ಕೂ ಹೋಗಿ, ಗೋಡೆಯಾಚೆ ಹೊಂಚುಹಾಕಿ ಕೂತವರು ಯಾರು ಎಂಬುದನ್ನೂ ಹೇಳಿಬಿಟ್ಟರು. ವಾರಗಟ್ಟಲೆ ಕಾದು ಸೇರಿದ್ದ ಜನ. ನನಗೆ ಮೈಯೆಲ್ಲ ಉರಿದುಹೋಯಿತು.

ಪುಸ್ತಕ ವಾಪಸು ಕಿತ್ತುಕೊಂಡು ಮುಚ್ಚಿದೆ. ಒಂದು ಹಾಳೆಯಲ್ಲಿ ಬರೆದುಕೊಂಡೆ: ಜಾನ್ಸನ್‌ಗೆ ಸೋಮವಾರದೊಳಗೆ ಕಡತ ಬೇಕು; ಮುಖ್ಯಸ್ಥನಿಗೆ ಸೋರಿಕೆಯ ಸುದ್ದಿ ಮೇಲಿನವರಿಗೆ ಮುಟ್ಟಬಾರದು; ಕಾವಲಿನವರಿಗೆ ಸಂಬಳ ಸಾಲದು. ಆಮೇಲೆ ಮುಖ್ಯಸ್ಥನ ದನಿಯಲ್ಲಿ ಹುಡುಗಿಗೆ ಹೇಳಿದೆ: "ಎಲ್ಲಿ ಸಿಗ್ತೀರಿ? ಒಬ್ಬರೇ ಬನ್ನಿ." ಅವಳು ದಾಳ ಎತ್ತಿಕೊಂಡಳು. ಅಡುಗೆಮನೆಯಿಂದ ಅವನು ತಟ್ಟೆ ಸಮೇತ ಓಡಿಬಂದ. ನಡುರಾತ್ರಿ ದಾಟುವ ಹೊತ್ತಿಗೆ ಅವರೆಲ್ಲ ಅದೇ ಲ್ಯಾಬಿನೊಳಗಿದ್ದರು. ಮುಖ್ಯಸ್ಥನೇ ಕೊಟ್ಟ ಪಾಸು ತೋರಿಸಿ ಮುಂಬಾಗಿಲಿನಿಂದಲೇ ಹೋದರು. ಪುಸ್ತಕದ ನಕ್ಷೆ, ಕಾವಲುಗಾರರ ಅಂಕಿಅಂಶ, ಬೀಗಗಳ ವಿವರ ಎಲ್ಲವೂ ಕೆಲಸಕ್ಕೆ ಬಂದವು. ಬೇಡವಾದದ್ದು ದೃಶ್ಯಗಳ ಅನುಕ್ರಮ ಒಂದೇ.

ಹಾಗಾಗಿ ಹೇಳುವುದಿಷ್ಟು. ಆಟಕ್ಕೆ ಮುಂಚೆ ಕಥೆಯಲ್ಲಿ ಬರುವ ಪ್ರತಿಯೊಬ್ಬನಿಗೂ ಏನು ಬೇಕು, ಆಟಗಾರರು ಮನೆಯಲ್ಲೇ ಮಲಗಿದ್ದರೂ ಅವನು ಏನು ಮಾಡುತ್ತಿದ್ದ ಎಂದು ಬರೆದಿಟ್ಟುಕೊಳ್ಳಿ. ಓದಿ ಹೇಳುವ ಭಾಗವನ್ನು ನಿಮ್ಮ ಮಾತಿನಲ್ಲಿ ಹೇಳಿ. ತಾಳಮದ್ದಲೆಯಲ್ಲಿ ಪದ್ಯ ಅಚ್ಚಾಗಿದ್ದರೂ ಅರ್ಥ ಕೂತಲ್ಲೇ ಹುಟ್ಟುವುದಿಲ್ಲವೇ? ಡೆಕರ್ ಒಬ್ಬಳೇ ಜಾಲದೊಳಗೆ ಗಂಟೆಗಟ್ಟಲೆ ಆಡುತ್ತಾ ಉಳಿದವರು ಆಕಳಿಸುವಂತೆ ಆಗಬಾರದು. 2020ರ ಸೈಬರ್‌ಪಂಕ್ ರೆಡ್ ಆಟದಲ್ಲಿ ನೆಟ್‌ರನ್ನರ್ (ಅಲ್ಲಿನ ಡೆಕರ್) ಕೂಡ ತಂಡದ ಜೊತೆ ಆ ಕಟ್ಟಡದೊಳಗೇ ಕಾಲಿಡಬೇಕು. ಆ ನಿಯಮವನ್ನು ಯಾವ ಆಟಕ್ಕಾದರೂ ಎರವಲು ಪಡೆಯಬಹುದು. ಮೈಕ್ ಪಾಂಡ್‌ಸ್ಮಿತ್ ರೂಪಿಸಿದ ಆ ಆಟದ 'ಸ್ಕ್ರೀಮ್‌ಶೀಟ್'ಗಳನ್ನೂ ನೋಡಿ. ಆಟಗಾರರ ಕೈಗೆ ಒಂದು ಹಾಳೆ ಸುದ್ದಿಪತ್ರಿಕೆ, ನಡೆಸುವವರಿಗೆ ಚಿಕ್ಕದೊಂದು ಸಾಹಸ. ಹೊಸಬರಿಗೆ ಅಷ್ಟು ಸಾಕು.

ಇನ್ನು ಸಾಹಸವನ್ನು ಮೊದಲೇ ಓದಿದವರನ್ನು ಆಟಗಾರರಾಗಿ ಕೂರಿಸಲೇಬೇಡಿ, ಪುಸ್ತಕ ತಂದುಕೊಟ್ಟವರು ಅವರೇ ಆಗಿದ್ದರೂ. ಭಾವ ಇದನ್ನು ಓದಿ ಸಿಟ್ಟಾಗಬಹುದು, ಆಗಲಿ. ಅವತ್ತು ಆ ಫೋನ್ ಮಾಡಿದ ಹುಡುಗಿ ಈಗ ತನ್ನದೇ ಗುಂಪು ಕಟ್ಟಿಕೊಂಡು ಆಟ ನಡೆಸುತ್ತಿದ್ದಾಳೆ. ನಾನು ಮಾಡಿದ್ದು ಸರಿ ಎನ್ನುವುದಕ್ಕೆ ಅದಕ್ಕಿಂತ ಸಾಕ್ಷಿ ಬೇಡ.