ಕಷ್ಟಕಾಲದಲ್ಲಿ ಸಂಘದ ಮುಖ್ಯಾಧಿಕಾರಿಯ ಕೆಲಸವನ್ನು ಅಳೆಯುವ ಕ್ರಮ

ಲಾಭವು ಕುಂದಿದ ವರ್ಷ ಗ್ರಾಮದ ಸಹಕಾರ ಸಂಘದ ಮಹಾಸಭೆಯಲ್ಲಿ ಎಲ್ಲರ ದೃಷ್ಟಿಯೂ ಮುಖ್ಯ ಕಾರ್ಯನಿರ್ವಹಣಾಧಿಕಾರಿಯ ಮೇಲೆ ಬೀಳುವುದು ಸಹಜ. ಊರಿನ ಮುಖಂಡರೂ ಭೂಮಾಲಿಕರೂ ಬಹುಮಟ್ಟಿಗೆ ಇಂಥ ಸಂಘಗಳ ಸದಸ್ಯರು. ಹಲವರು ಆಡಳಿತ ಮಂಡಳಿಯಲ್ಲಿಯೂ ಇರುವರು. ಆದಕಾರಣ ಆ ಅಧಿಕಾರಿಯ ಕೆಲಸವನ್ನು ತೂಗಿ ನೋಡುವ ಹೊಣೆಯು ಅವರದೇ. ತೂಕ ತಪ್ಪಿದಲ್ಲಿ ದಕ್ಷರು ಹೊರಹೋಗಿ, ಲೆಕ್ಕಕ್ಕೆ ಬಣ್ಣ ಬಳಿಯುವವರು ಉಳಿಯುವರು. ಅದರ ನಷ್ಟವನ್ನು ಠೇವಣಿದಾರರೂ ರೈತರೂ ಹೊರಬೇಕಾಗುವುದು.

ಮಳೆಯ ಪಾಲು, ಮನುಷ್ಯನ ಪಾಲು

ಕಾರ್ಕಳದ ಕಡೆಯ ಅಡಿಕೆ ತೋಟಗಳಲ್ಲಿ ಮಳೆಯು ಬಿಡದೆ ಸುರಿದ ವರ್ಷ ಕೊಳೆರೋಗವು ಎಲ್ಲರ ಫಸಲನ್ನೂ ಬಾಧಿಸುವುದು. ಆದರೂ ಮುಂಗಾರು ಹಿಡಿಯುವ ಮೊದಲೇ ಗೊನೆಗಳಿಗೆ ಶೇಕಡ 1ರ ಬೋರ್ಡೋ ದ್ರಾವಣವನ್ನು ಸಿಂಪಡಿಸಿ, 40–45 ದಿನಗಳ ತರುವಾಯ ಮತ್ತೊಮ್ಮೆ ಸಿಂಪಡಿಸಿದ ತೋಟದಲ್ಲಿ ನಷ್ಟವು ಕಡಮೆ. ಕೃಷಿಕನ ಜಾಣ್ಮೆಯನ್ನು ಅರಿಯಬೇಕಾದರೆ ಕಳೆದ ವರ್ಷದ ಫಸಲಿನೊಡನೆ ಹೋಲಿಸಿದರೆ ಸಾಲದು. ಅದೇ ಮಳೆ ಬಿದ್ದ ನೆರೆಯ ತೋಟದೊಡನೆ ಹೋಲಿಸಬೇಕು.

ಸಂಘದ ಅಧಿಕಾರಿಗೂ ಈ ನ್ಯಾಯವೇ ಸಲ್ಲುವುದು. 2020ರ ಸೆಪ್ಟೆಂಬರ್ 20ರಂದು ಉಡುಪಿ ಸೀಮೆಯಲ್ಲಿ ನೆರೆ ಬಂದು ಗದ್ದೆಗಳು ಮುಳುಗಿದುದಾಗಲಿ, ಕಾಪುವಿನಂಥ ಕರಾವಳಿಯ ಗದ್ದೆಗಳಿಗೆ ಉಪ್ಪುನೀರು ನುಗ್ಗುವುದಾಗಲಿ ಯಾವ ಅಧಿಕಾರಿಯ ತಪ್ಪೂ ಅಲ್ಲ. ಅಂಥ ವರ್ಷದಲ್ಲಿ ಒಂದು ಸಂಘದ ಸಾಲವಸೂಲಿಯು ನೂರಕ್ಕೆ 95ರಿಂದ 80ಕ್ಕೆ ಇಳಿಯಿತೆಂದೂ, ನೆರೆಯ ಸಂಘದ್ದು 95ರಿಂದ 70ಕ್ಕೆ ಇಳಿಯಿತೆಂದೂ ಎಣಿಸೋಣ. ಮೊದಲನೆಯ ಸಂಘದ ಅಧಿಕಾರಿಯು ನಿಂದೆಗಲ್ಲ, ಮೆಚ್ಚುಗೆಗೆ ಪಾತ್ರರು. ಅದೇ ಸೀಮೆಯ ಮೂರನೆಯ ಸಂಘವು 98 ಎಂದು ತೋರಿಸಿದರೆ ಹೊಗಳುವ ಮೊದಲು ಪುಸ್ತಕವನ್ನು ಬಿಡಿಸಿ ನೋಡತಕ್ಕದ್ದು. ಅದೇ ಸಾಲಗಾರನಿಗೆ ಹೊಸ ಸಾಲವನ್ನು ಬರೆದು ಹಳೆಯದನ್ನು ತೀರಿದಂತೆ ಕಾಣಿಸಿರುವ ಸಂಭವವುಂಟು.

ಹಿಂದಿನ ನಿದರ್ಶನ

ಕೈಮಗ್ಗದ ನೇಕಾರರು ಸಂಕಟಕ್ಕೆ ಸಿಕ್ಕಿದ್ದ ಕಾಲದಲ್ಲಿ, 1925ರಲ್ಲಿ, ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾಕ್ಟರ್ ಟಿ. ಎಂ. ಎ. ಪೈ ಇವರು ಉಡುಪಿಯಲ್ಲಿ 8,000 ರೂಪಾಯಿ ಬಂಡವಾಳದಿಂದ ಕೆನರಾ ಇಂಡಸ್ಟ್ರಿಯಲ್ ಎಂಡ್ ಬ್ಯಾಂಕಿಂಗ್ ಸಿಂಡಿಕೇಟನ್ನು ಸ್ಥಾಪಿಸಿದರು. 1928ರಲ್ಲಿ ಅದು ಪಿಗ್ಮಿ ಠೇವಣಿಯನ್ನು ಆರಂಭಿಸಿ, ಪ್ರತಿನಿಧಿಗಳನ್ನು ಮನೆಬಾಗಿಲಿಗೆ ಕಳುಹಿಸಿ ದಿನಕ್ಕೆ ಎರಡಾಣೆಯಷ್ಟು ಅಲ್ಪ ಮೊತ್ತವನ್ನೂ ಸಂಗ್ರಹಿಸತೊಡಗಿತು. ಮರುವರ್ಷವೇ ಜಗತ್ತಿನ ಮಹಾ ಆರ್ಥಿಕ ಮುಗ್ಗಟ್ಟು ತಲೆದೋರಿತು. ಮದರಾಸು ಪ್ರಾಂತ್ಯದಲ್ಲಿ ಭತ್ತದ ಬೆಲೆಯು ಕೆಲವೇ ವರ್ಷಗಳಲ್ಲಿ ಸುಮಾರು ಅರ್ಧಕ್ಕೆ ಇಳಿಯಿತು. ಸಾಲವು ಮಾತ್ರ ಇಳಿಯಲಿಲ್ಲ. ಒಂದೇ ಕಂತಿಗೆ ರೈತನು ಎರಡರಷ್ಟು ಭತ್ತವನ್ನು ಮಾರಬೇಕಾಯಿತು. ಆ ಸಂಕಟವನ್ನು ದಾಟಿದ ಸಂಸ್ಥೆಯು ಮುಂದೆ ಮಣಿಪಾಲದಲ್ಲಿ ನೆಲೆಸಿ, ಸಿಂಡಿಕೇಟ್ ಬ್ಯಾಂಕೆಂದು ಹೆಸರಾಗಿ, 1969ರಲ್ಲಿ ರಾಷ್ಟ್ರೀಕೃತವಾಯಿತು. 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನಗೊಂಡಿತು.

ಇದಕ್ಕೆ ಪ್ರತಿಯಾಗಿ, 1937ರಲ್ಲಿ ಎರಡು ಬ್ಯಾಂಕುಗಳು ಕೂಡಿ ಆದ ತಿರುವಾಂಕೂರು ನ್ಯಾಷನಲ್ ಎಂಡ್ ಕ್ವಿಲಾನ್ ಬ್ಯಾಂಕು ಗಾತ್ರದಲ್ಲಿ ದೊಡ್ಡದಾಗಿದ್ದರೂ 1938ರಲ್ಲಿ ಪಾವತಿಯನ್ನು ನಿಲ್ಲಿಸಿತು. ಗಾತ್ರವು ದಕ್ಷತೆಗೆ ಪ್ರಮಾಣವಲ್ಲ. ಕಷ್ಟವು ಬರುವ ಮೊದಲು ಮಾಡಿಟ್ಟ ಏರ್ಪಾಡು, ಮಳೆಗೆ ಮುಂಚಿನ ಸಿಂಪರಣೆಯಂತೆ, ಕಷ್ಟದಲ್ಲಿ ಫಲ ಕೊಡುವುದು.

ಮಹಾಸಭೆಯಲ್ಲಿ ಕೇಳತಕ್ಕ ಪ್ರಶ್ನೆಗಳು

1. ಅದೇ ವರ್ಷ ನೆರೆಯ ಸಂಘಗಳ ವಸೂಲಿ, ಠೇವಣಿ, ಖರ್ಚುಗಳು ಹೇಗಿದ್ದವು?

2. ಒಳ್ಳೆಯ ವರ್ಷಗಳಲ್ಲಿ ಮೀಸಲು ನಿಧಿಯನ್ನು ಬೆಳೆಸಲಾಯಿತೆ? ಠೇವಣಿಯು ಹಲವು ಮನೆಗಳಿಂದ ಬಂದಿದೆಯೆ, ಇಲ್ಲವೆ ಕೆಲವರ ಕೈಯಲ್ಲಿದೆಯೆ?

3. ವಾಯಿದೆಯು ಮೀರುವ ಮೊದಲೇ ಅಧಿಕಾರಿಯು ಸಾಲಗಾರರನ್ನು ಕಂಡರೆ? ಸರ್ಕಾರವು ಬೆಳೆನಷ್ಟವನ್ನು ಘೋಷಿಸಿದಲ್ಲಿ, ಬೆಳೆಸಾಲವನ್ನು ದೀರ್ಘ ವಾಯಿದೆಗೆ ಪರಿವರ್ತಿಸುವ ಸೌಲಭ್ಯಕ್ಕಾಗಿ ಸಕಾಲದಲ್ಲಿ ಬರೆದುಕೊಂಡರೆ?

4. ಸುಸ್ತಿ ಸಾಲವನ್ನು ವರ್ಷವಾರು ಬಿಡಿಸಿ ತೋರಿಸಿದ್ದಾರೆಯೆ? ವಸೂಲಾದುದರಲ್ಲಿ ಹೊಸ ಸಾಲದಿಂದ ತೀರಿದುದೆಷ್ಟು?

5. ಬಡ ಹಿಡುವಳಿದಾರನ ಬಾಕಿಗೂ ಆಡಳಿತ ಮಂಡಳಿಯವರ ಮತ್ತು ಅವರ ಬಂಧುಗಳ ಬಾಕಿಗೂ ಒಂದೇ ನಿಯಮವನ್ನು ಅನುಸರಿಸಿದ್ದಾರೆಯೆ?

ಕೊನೆಯ ಪ್ರಶ್ನೆಯು ಕೇಳುವವರನ್ನೂ ಮುಟ್ಟುವುದು. ಮಂಡಳಿಯ ಒತ್ತಾಯದಿಂದ ಕೊಟ್ಟ ಸಾಲವು ಮುಳುಗಿದರೆ ಅದನ್ನು ಅಧಿಕಾರಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಊರಿನ ದೊಡ್ಡ ಮನೆಗಳು ತಮ್ಮ ಕಂತನ್ನು ವಾಯಿದೆಯೊಳಗೆ ಕಟ್ಟಿದಲ್ಲಿ ಸಣ್ಣ ರೈತರಿಗೆ ಕಾಲಾವಕಾಶವನ್ನು ಕೊಡಲು ಸಂಘಕ್ಕೆ ಶಕ್ತಿ ಬರುವುದು.

ಒಂದು ವರ್ಷದ ಅಂಕಿಯಿಂದ ತೀರ್ಪು ಮಾಡಲಾಗದು. ಕಷ್ಟದ ವರ್ಷ, ಅದರ ಹಿಂದಿನ ವರ್ಷ, ಅದರ ಮುಂದಿನ ವರ್ಷ ಈ ಮೂರರ ಲೆಕ್ಕವನ್ನೂ ಜೊತೆಗಿಟ್ಟು ನೋಡತಕ್ಕದ್ದು. ಕೆಟ್ಟ ಸುದ್ದಿಯನ್ನು ಮುಚ್ಚದೆ ಮೊದಲೇ ತಿಳಿಸಿದ ಅಧಿಕಾರಿಯನ್ನು ಆ ಸುದ್ದಿಗಾಗಿ ದಂಡಿಸಿದರೆ, ಮುಂದೆ ಬರುವವರು ಸತ್ಯವನ್ನು ಹೇಳಲಾರರು.