ದೇವದಾಸಿ ಪದ್ಧತಿ: ಹಿಂಸೆಯ ಮೂಲ ಮತ್ತು ಆರ್ಥಿಕ ಪರಿಣಾಮ

ಇಂದು ವಿಜಯನಗರ ಜಿಲ್ಲೆಗೆ ಸೇರಿದ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಮಳೆಯಾಶ್ರಿತ ಸೀಮೆಯಲ್ಲಿ, ಭೂಹೀನ ದಲಿತ ಕುಟುಂಬದ ಬಾಲೆಯ ಕೊರಳಿಗೆ ದೇವರ ಹೆಸರಿನಲ್ಲಿ ಮುತ್ತು ಕಟ್ಟಿ ಅವಳ ವಿವಾಹದ ಹಕ್ಕನ್ನೇ ಅಪಹರಿಸಿದ ದೇವದಾಸಿ ಪದ್ಧತಿಯು, ದಾರಿದ್ರ್ಯ, ಜಾತಿಶ್ರೇಣಿ, ಮೂಢಭಕ್ತಿಗಳಿಂದ ಪೋಷಿತವಾದ ಘೋರ ಹಿಂಸೆಯೆಂಬುದು ನಿಸ್ಸಂದೇಹ. ಗಂಡುಸಂತಾನವಿಲ್ಲದ ಮನೆಯಲ್ಲಿ ವೃದ್ಧ ತಂದೆತಾಯಿಗಳ ಪೋಷಣೆಯ ಭಾರವೂ ಅವಳದೇ ಆಗುತ್ತಿತ್ತು. ಯೌವನ ಕಳೆದೊಡನೆ ಅವಳು ಸಾಲಕ್ಕೂ ಗುಳೆಗೂ ಈಡಾದರೆ, ಶಾಲೆಯ ದಾಖಲೆಯಲ್ಲಿ ತಂದೆಯ ಹೆಸರು ಬರೆಸಲಾರದ ಮಕ್ಕಳು ಕೂಲಿಗಿಳಿಯುತ್ತಿದ್ದರು.

ಈ ತಾಲೂಕುಗಳನ್ನು ಒಳಗೊಂಡಿದ್ದ ಬಳ್ಳಾರಿ ಜಿಲ್ಲೆಯು 1953ರವರೆಗೆ ಮದರಾಸಿಗೆ ಸೇರಿದ್ದುದರಿಂದ, 1947ರ ಮದರಾಸು ದೇವದಾಸಿ ನಿಷೇಧ ಕಾಯಿದೆ ಈ ಸೀಮೆಗೂ ಅನ್ವಯಿಸಿತ್ತೆಂಬುದನ್ನು ಪರೀಕ್ಷಾರ್ಥಿಗಳು ಅವಶ್ಯವಾಗಿ ಗಮನಿಸಬೇಕು. ಕರ್ನಾಟಕದ ಕಾಯಿದೆ 1982ರದು. ಆದರೂ 1993-94 ಮತ್ತು 2007-08ರ ಸಮೀಕ್ಷೆಗಳು ರಾಜ್ಯದಲ್ಲಿ ಒಟ್ಟು 46,660 ದೇವದಾಸಿ ಮಹಿಳೆಯರನ್ನು ಗುರುತಿಸಿದುವು.