ಕತ್ತಿನ ಗಂಟು, ಕಸಿಯಾದ ಕಿಡ್ನಿ

ಕೋಲಾರದ ಕಡೆ ಕತ್ತಿನಲ್ಲಿ ಗಂಟು ಕಾಣಿಸಿಕೊಂಡರೆ ಮೊದಲು ಬರುವ ಮಾತು ಟಿಬಿ. ಅದರಲ್ಲಿ ತಪ್ಪೇನಿಲ್ಲ, ನಮ್ಮ ದೇಶದಲ್ಲಿ ವಾಸಿಯಾಗದೆ ಉಳಿಯುವ ಇಂಥ ಗಂಟುಗಳಿಗೆ ಸಾಮಾನ್ಯ ಕಾರಣ ಅದೇ. ಆದರೆ ಅಂಗ ಕಸಿಯಾದವರ ವಿಷಯದಲ್ಲಿ ಈ ಲೆಕ್ಕ ಸಾಲದು. ಶ್ರೀನಿವಾಸಪುರದ ನನ್ನ ಅಕ್ಕನಿಗೆ ಇದು ಗೊತ್ತಾಗಿದ್ದು ಮಗನ ಕಾಯಿಲೆಯಿಂದ.

ಹುಡುಗನಿಗೆ ಬೆಂಗಳೂರಿನಲ್ಲಿ ಅಮ್ಮನದೇ ಕಿಡ್ನಿ ಹಾಕಿದ್ದರು. ಚೇತರಿಸಿಕೊಂಡು ಶಾಲೆಗೂ ಹೋಗುತ್ತಿದ್ದ. ಮಾವಿನ ಸುಗ್ಗಿಯ ಹೊತ್ತಿಗೆ ಸಂಜೆಯಾದರೆ ಜ್ವರ ಶುರುವಾಯಿತು, ಊಟ ಸೇರದಾಯಿತು. ದವಡೆಯ ಕೆಳಗೆ ನೆಲ್ಲಿಕಾಯಿ ಗಾತ್ರದ ಗಂಟು, ಒತ್ತಿದರೆ ನೋವಿಲ್ಲ. ಮುಳಬಾಗಿಲಿನ ಕ್ಲಿನಿಕ್ಕೊಂದರಲ್ಲಿ ಟಿಬಿ ಮಾತ್ರೆ ಬರೆದುಕೊಟ್ಟರು. ಭಾವ ಮಾತ್ರೆ ತಂದೂ ಇಟ್ಟಿದ್ದರು. ಕೊಡುವ ಮೊದಲು ಅಕ್ಕ ಕಸಿ ಮಾಡಿದ ಆಸ್ಪತ್ರೆಗೆ ಫೋನ್ ಮಾಡಿದಳು.

"ಒಂದನ್ನೂ ಕೊಡಬೇಡಿ ಅಮ್ಮ, ಕರಕೊಂಡು ಬನ್ನಿ."

ಕಾರಣವಿತ್ತು. ಟಿಬಿಗೆ ಕೊಡುವ ರಿಫಾಂಪಿಸಿನ್, ಕಸಿಯಾದ ಅಂಗವನ್ನು ದೇಹ ತಿರಸ್ಕರಿಸದಂತೆ ಕಾಯುವ ಟ್ಯಾಕ್ರೊಲಿಮಸ್ಸಿನ ಮಟ್ಟವನ್ನು ರಕ್ತದಲ್ಲಿ ಕುಸಿಯುವಂತೆ ಮಾಡುತ್ತದೆ. ಆಗ ಕಿಡ್ನಿಯೇ ಕೈಕೊಡಬಹುದು.

ಸೂಜಿ ಪರೀಕ್ಷೆ ಸಾಲದೆಂದು ಗಂಟನ್ನೇ ಇಡಿಯಾಗಿ ತೆಗೆದು ನೋಡಿದರು. ಟಿಬಿ ಇರಲಿಲ್ಲ. ಎಪ್‌ಸ್ಟೀನ್-ಬಾರ್ ವೈರಸ್ ಹೊಕ್ಕ ಬಿ ಲಿಂಫೋಸೈಟು ಎಂಬ ಬಿಳಿ ರಕ್ತಕಣಗಳು ಅಂಕೆ ಮೀರಿ ಬೆಳೆದಿದ್ದವು. ಕಸಿಯ ನಂತರ ಹೀಗಾಗುವುದಕ್ಕೆ ವೈದ್ಯರ ಬಾಯಲ್ಲಿ ಪಿಟಿಎಲ್‌ಡಿ ಎಂದು ಹೆಸರು. 1964ರಲ್ಲಿ ಪತ್ತೆಯಾದ ಈ ವೈರಸ್ ಎಂಜಲಿನಿಂದ ಹರಡುತ್ತದೆ. ಬಹುತೇಕರಿಗೆ ಬಾಲ್ಯದಲ್ಲೇ ತಗಲಿ, ಜೀವಮಾನವಿಡೀ ಸುಮ್ಮನೆ ಮೈಯೊಳಗಿರುತ್ತದೆ. ಅದನ್ನು ಹದ್ದುಬಸ್ತಿನಲ್ಲಿಡುವ ಟಿ ಕಣಗಳನ್ನು ಕಸಿಯ ಔಷಧ ಮಂಕಾಗಿಸಿದಾಗ ತಲೆಯೆತ್ತುತ್ತದೆ. ವೈರಸ್ ತಗಲದ ಮಗುವಿಗೆ, ಅದಿರುವ ದೊಡ್ಡವರ ಅಂಗ ಹಾಕಿದರೆ ಅಪಾಯ ಇನ್ನೂ ಹೆಚ್ಚು.

"ನನ್ನ ಕಿಡ್ನಿಯಿಂದಲೇ ಬಂತಾ?" ಅಕ್ಕ ಕೇಳಿದ್ದಳು. ಇರಬಹುದು ಎಂದರು ವೈದ್ಯರು, ಮುಚ್ಚಿಡಲಿಲ್ಲ. ಕಸಿಗೆ ಮೊದಲೇ ತಾಯಿ, ಮಗ ಇಬ್ಬರ ರಕ್ತದಲ್ಲೂ ಈ ವೈರಸ್ಸಿನ ಪರೀಕ್ಷೆಯಾಗಿತ್ತೇ ಎಂದು ಮನೆಯವರು ಕೇಳಿಟ್ಟುಕೊಳ್ಳಬೇಕಿತ್ತು. ನಮ್ಮಲ್ಲಿ ಯಾರಿಗೂ ಅದು ಹೊಳೆದಿರಲಿಲ್ಲ.

ಔಷಧ ತಗ್ಗಿಸಿದರೆ ಇಂಥ ಗೆಡ್ಡೆ ಕರಗಬಹುದೆಂದು ಅಮೆರಿಕದ ಕಸಿ ಶಸ್ತ್ರವೈದ್ಯ ಥಾಮಸ್ ಸ್ಟಾರ್ಜ್ಲ್ ಅವರ ತಂಡ 1984ರಲ್ಲೇ ತೋರಿಸಿತ್ತು. ಹುಡುಗನಿಗೂ ಟ್ಯಾಕ್ರೊಲಿಮಸ್ ಇಳಿಸಿದರು, ಅಷ್ಟು ಸಾಲದೆ ಬಿ ಕಣಗಳನ್ನು ನಾಶಮಾಡುವ ರಿಟುಕ್ಸಿಮ್ಯಾಬ್ ಡ್ರಿಪ್ ಹಾಕಿದರು. ಪ್ರತಿ ಸಲ ಇಳಿಸಿದಾಗಲೂ ಕಿಡ್ನಿ ಸೋಲುತ್ತಿರುವುದನ್ನು ತೋರಿಸುವ ಕ್ರಿಯಾಟಿನಿನ್ ಏರೀತೆಂಬ ದಿಗಿಲು. ಗಂಟು ಕರಗಿತು, ಕಿಡ್ನಿಯೂ ಉಳಿಯಿತು.

ಈಗ ಮಾಲೂರು, ಕೋಲಾರದಿಂದ ಕಸಿಯಾದವರ ಮನೆಯವರು ಅಕ್ಕನಿಗೆ ಫೋನ್ ಮಾಡುತ್ತಾರೆ. ಅವಳು ಮೊದಲು ಕೇಳುವುದು ಎರಡೇ: ಗಂಟಿನ ಬಯಾಪ್ಸಿ ಆಯಿತಾ? ಕಸಿ ಮಾಡಿದ ಡಾಕ್ಟರಿಗೆ ಹೇಳಿದಿರಾ?